ಗೋಧಿ ಹೊಲದ ನಡುವೆ ಒಂದು ಕಾಲುದಾರಿ

ಕೇಳುಗರಿಗೆ ನಮಸ್ಕಾರ.

ನಾನು ಮೂವತ್ತು ವರ್ಷ ಸರ್ವೆ ಕೆಲಸ ಮಾಡಿದವನು. ಚೈನು ಎಳೆದು, ಬಾಂದು ಕಲ್ಲು ಹುಡುಕಿ, ಅಣ್ಣತಮ್ಮಂದಿರ ಜಗಳದ ಮಧ್ಯೆ ನಿಂತು ಸಾಕಾದವನು. ನಿವೃತ್ತಿಯಾದ ಮೇಲೆ ಇಂಗ್ಲೆಂಡಿನಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದೆ. ಅಲ್ಲಿ ಏನು ನೋಡಿದಿರಿ, ಹತ್ತು ನಿಮಿಷ ಹೇಳಿ ಅಂತ ರೇಡಿಯೊ ನಿಲಯದವರು ಕರೆದಿದ್ದಾರೆ. ಅರಮನೆ, ಗಡಿಯಾರದ ಗೋಪುರ ಎಲ್ಲರೂ ಹೇಳುತ್ತಾರೆ. ನಾನು ಕಾಲುದಾರಿಯ ವಿಷಯ ಹೇಳುತ್ತೇನೆ. ಒಂದೇ ಮಾತು: ಅಲ್ಲಿ ಹೊಲ ರೈತನದು, ಹೊಲದೊಳಗಿನ ದಾರಿ ನಡೆಯುವವನದು.

ಮಗಳು ಇರುವುದು ಆಕ್ಸ್‌ಫರ್ಡಿನಲ್ಲಿ. ಪೇಟೆಯಿಂದ ಅರ್ಧ ಗಂಟೆ ನಡೆದರೆ ಊರು ಮುಗಿದು ಪೋರ್ಟ್ ಮೆಡೊ ಎನ್ನುವ ಬಯಲು ಸಿಗುತ್ತದೆ. ಬಯಲು ಅಂದರೆ ನಮ್ಮ ಗೋಮಾಳವೇ. ದನ, ಕುದುರೆ ಬಿಟ್ಟಿರುತ್ತಾರೆ. 1086ರಲ್ಲಿ ಅಲ್ಲಿನ ರಾಜ ವಿಲಿಯಂ ದೇಶಕ್ಕೆಲ್ಲ ಒಂದು ದೊಡ್ಡ ಪಹಣಿ ಬರೆಸಿದ, ಡೂಮ್ಸ್‌ಡೇ ಪುಸ್ತಕ ಅಂತ. ಕೋಟೆ ಗೋಡೆಯ ಹೊರಗೆ ಊರವರಿಗೆಲ್ಲ ಸೇರಿದ ಹುಲ್ಲುಗಾವಲು ಇದೆ, ಕಂದಾಯ ಆರು ಶಿಲ್ಲಿಂಗ್ ಎಂಟು ಪೆನ್ನಿ ಅಂತ ಅದರಲ್ಲಿ ನಮೂದಾಗಿದೆ. ಇವತ್ತಿಗೂ ಅಲ್ಲಿ ದನ ಮೇಯಿಸುವ ಹಕ್ಕು ಇದೆ. ಒಂಬೈನೂರು ವರ್ಷ ದಾಟಿದೆ, ಒಂದು ಲೇಔಟ್ ಎದ್ದಿಲ್ಲ! ಮಳೆಗಾಲದಲ್ಲಿ... ಅಲ್ಲ, ಅವರಿಗೆ ಚಳಿಗಾಲವೇ ಮಳೆಗಾಲ, ಆಗ ಥೇಮ್ಸ್ ನದಿ ಉಕ್ಕಿ ಬಯಲೆಲ್ಲ ಕೆರೆಯಾಗುತ್ತದೆ.

ನದಿಯ ಆಚೆ ದಡದಲ್ಲಿ ಉತ್ತರಕ್ಕೆ ಹೋದರೆ ಗಾಡ್‌ಸ್ಟೋ. ಹನ್ನೆರಡನೇ ಶತಮಾನದ ಕ್ರೈಸ್ತ ಸನ್ಯಾಸಿನಿಯರ ಮಠ, ಈಗ ಬರೀ ಮುರುಕು ಗೋಡೆ. ಎರಡನೇ ಹೆನ್ರಿ ರಾಜನ ಪ್ರೇಯಸಿ ರೋಸಮಂಡಳನ್ನು ಹೂಳಿದ್ದು ಅಲ್ಲೇ. ಪಕ್ಕದಲ್ಲೇ ಬೈಪಾಸ್ ರಸ್ತೆ ಭರ್ರೋ ಅನ್ನುತ್ತಿರುತ್ತದೆ.

ಈಗ ಅಸಲು ಕಥೆ. ಜೂನ್ ತಿಂಗಳು. ಅಳಿಯನ ಫೋನಿನಲ್ಲಿ ನಕ್ಷೆ ನೋಡಿಕೊಂಡು ಗಾಡ್‌ಸ್ಟೋ ದಾಟಿ ಒಬ್ಬನೇ ಹೊರಟೆ. ನಕ್ಷೆಯಲ್ಲಿ ಹಸಿರು ಚುಕ್ಕೆಗೆರೆ ಇದ್ದರೆ ಅದು ಕಾಲುದಾರಿ. ಬೇಲಿಯ ಬಳಿ ಗೂಟದ ಮೇಲೆ ಹಳದಿ ಬಾಣದ ಗುರುತೂ ಇತ್ತು. ಗೇಟು ತೆಗೆದರೆ ಎದುರಿಗೆ ಗೋಧಿ ಹೊಲ, ಮೊಣಕಾಲು ಮೀರಿದ ಬೆಳೆ. ಬಾಣ ನೆಟ್ಟಗೆ ಹೊಲದ ನಡುವೆಯೇ ತೋರಿಸುತ್ತಿದೆ! ನೋಡಿದರೆ ಬೆಳೆಯ ಮಧ್ಯೆ ಬೈತಲೆ ತೆಗೆದ ಹಾಗೆ ಒಂದು ಬೋಳು ಗೆರೆ, ಆಚೆ ಬೇಲಿಯವರೆಗೆ.

ನಿಮಗೆ ಗೊತ್ತಲ್ಲ, ಇನ್ನೊಬ್ಬರ ಬೆಳೆಯೊಳಗೆ ಕಾಲಿಡಲು ನಮಗೆ ಮನಸ್ಸು ಬರುವುದಿಲ್ಲ. ಬೇಲಿ ಪಕ್ಕದಲ್ಲೇ ಸುತ್ತು ಹಾಕಿಕೊಂಡು ಹೊರಟೆ. ಅರ್ಧ ಹೋಗಿದ್ದೆ, ಹಿಂದಿನಿಂದ ಒಬ್ಬ ಮುದುಕ ನಾಲ್ಕು ಚಕ್ರದ ಬೈಕಿನಲ್ಲಿ ಬಂದ. ಹೊಲದ ಯಜಮಾನ. ನಾನು ಬೈಗುಳಕ್ಕೆ ತಯಾರಾದೆ.

"ಏನಾದರೂ ಕಳೆದುಕೊಂಡಿರಾ?" ಅಂದ.

"ಇಲ್ಲ ಸ್ವಾಮಿ, ನಿಮ್ಮ ಬೆಳೆ ತುಳಿಯಬಾರದು ಅಂತ ಹೀಗೆ ಬಂದೆ."

ಅವನು ನಕ್ಕ. "ದಾರಿ ಅಲ್ಲಿದೆ. ಅಲ್ಲಿ ನಡೆದರೆ ನಿಮ್ಮ ಹಕ್ಕು. ಇಲ್ಲಿ ನಡೆದರೆ ಅತಿಕ್ರಮಣ."

ಕೇಳಿದಿರಾ? ಬೆಳೆ ನಡುವೆ ಹೋದರೆ ಸರಿ, ಅಂಚಿನಲ್ಲಿ ಹೋದರೆ ತಪ್ಪು! ಸುಮ್ನೆ ತಮಾಷೆಗೆ ಅಂದದ್ದಲ್ಲ, ಅಲ್ಲಿ ಕಾನೂನು ಇರುವುದೇ ಹಾಗೆ. ಹಿಂದಕ್ಕೆ ಬಂದು ಆ ಗೆರೆಯ ಮೇಲೆ ನಿಂತು ಕೋಲಿನಲ್ಲಿ ಅಗಲ ಅಳೆದೆ. ಹಳೇ ಚಾಳಿ, ಬಿಡುತ್ತದೆಯೇ? ಮೂರಡಿ, ಮೇಲೆ ಸ್ವಲ್ಪ. ಕಾನೂನು ಹೇಳುವುದು ಒಂದು ಮೀಟರ್. ಉತ್ತರೂ ಬಿತ್ತಿದರೂ ಹದಿನಾಲ್ಕು ದಿನದೊಳಗೆ ಆ ಒಂದು ಮೀಟರ್ ದಾರಿಯನ್ನು ರೈತ ಮತ್ತೆ ಸರಿಮಾಡಿ ಕೊಡಬೇಕು. ಹೊಲದ ಅಂಚಿನ ದಾರಿಯಾದರೆ ಉಳುವ ಹಾಗೇ ಇಲ್ಲ. "ನಮ್ಮಪ್ಪನ ಕಾಲದಲ್ಲಿ ಜಗಳ ಜಾಸ್ತಿ ಇತ್ತು. ಈಗ ನಾನೇ ಕಳೆನಾಶಕ ಹೊಡೆದು ಗೆರೆ ಬಿಡುತ್ತೇನೆ. ಗೆರೆ ಇದ್ದರೆ ಜನ ಗೆರೆಯಲ್ಲೇ ನಡೆಯುತ್ತಾರೆ, ನನಗೂ ಬೆಳೆ ಉಳಿಯುತ್ತದೆ" ಅಂದ ಮುದುಕ.

ಕಥೆಯಲ್ಲೇ ಹೊತ್ತು ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ. ಈ ಹಕ್ಕು ಯಾರೂ ಸುಲಭಕ್ಕೆ ಕೊಟ್ಟದ್ದಲ್ಲ. 1932ರಲ್ಲಿ ಮ್ಯಾಂಚೆಸ್ಟರ್ ಕಡೆಯ ನೂರಾರು ಕೂಲಿ ಹುಡುಗರು ಜನರಿಗೆ ಪ್ರವೇಶ ಇಲ್ಲದ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಬೇಕೆಂದೇ ನುಗ್ಗಿದರು, ಕೆಲವರು ಜೈಲಿಗೂ ಹೋದರು. 1949ರ ಕಾಯ್ದೆ ಬಂದ ಮೇಲೆ ಕಾಲುದಾರಿಗಳನ್ನು ನಕ್ಷೆಗೆ ಏರಿಸಿದರು. ನಕ್ಷೆಗೆ ಏರಿತು ಅಂದರೆ ಮುಗಿಯಿತು, ಹೊಲ ಮಾರಿದರೂ ದಾರಿ ಮಾರಿದಂತಲ್ಲ. ನಕ್ಷೆಯಲ್ಲಿಲ್ಲದ ದಾರಿಯಾದರೂ, ಯಾರ ತಡೆಯೂ ಇಲ್ಲದೆ ಇಪ್ಪತ್ತು ವರ್ಷ ಜನ ನಡೆದಿದ್ದರೆ ಹಕ್ಕು ಕೇಳಬಹುದು.

ನಮ್ಮಲ್ಲೂ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ ಇದೆ. ಬಿ ಖರಾಬು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಜಾಗ, ಅಂತ ಪಹಣಿಯಲ್ಲೂ ಇದೆ. ಅದು ಗೊತ್ತಿದ್ದೂ ದಾರಿಯ ಮೇಲೆ ಟ್ರ್ಯಾಕ್ಟರ್ ಹೊಡೆಸುವವರು ಈಗ ರೇಡಿಯೊ ಕೇಳುತ್ತಿದ್ದರೆ, ನಿಮಗೇ ಹೇಳುತ್ತಿರುವುದು. ಹೊಲ ನಿಮ್ಮದು ಸ್ವಾಮಿ, ದಾರಿ ನಿಮ್ಮದಲ್ಲ.

ಗೇಟಿನ ವಿಷಯ ಹೇಳಬೇಕೆಂದಿದ್ದೆ. ಮನುಷ್ಯ ದಾಟಬಹುದು, ದನ ದಾಟಲಾಗದು, ಹಾಗೆ ಮಾಡಿರುತ್ತಾರೆ. ಮಲೆನಾಡಿನವರ ಉಣುಗೋಲು, ಕರಾವಳಿಯವರ ತಡಮೆ ಇದ್ದಂತೆ. ಅದು ಇನ್ನೊಮ್ಮೆ.

ಮರುವಾರ ಅದೇ ಹೊಲಕ್ಕೆ ಮತ್ತೆ ಹೋದೆ. ಈ ಸಲ ನಡುವೆಯೇ ನಡೆದೆ, ಗೆರೆ ತಪ್ಪದೆ. ಆದರೂ ತೆನೆಗೆ ತಾಗಬಾರದು ಅಂತ ಕೋಟಿನ ಎರಡೂ ಅಂಚು ಒತ್ತಿ ಹಿಡಿದುಕೊಂಡೇ ಹೋದೆ.

ನಮಸ್ಕಾರ.