ಅರ್ಧ ಮನೆ ಇಳಿದ ಸಂತೂರ್

ಕೇಳುಗರಿಗೆ ನಮಸ್ಕಾರ. ಇವತ್ತು ನನಗೆ ತುಂಬಾ ಇಷ್ಟವಾದ ಕೆಲವು ಆಲ್ಬಮ್‌ಗಳ ವಿಷಯ. ನಾನು ಸಂಗೀತ ಕಲಿತವಳಲ್ಲ, ಬರೀ ಕೇಳುವವಳು. ಅದೂ ಒಂದು ಕೆಟ್ಟ ಟೇಪ್ ರೆಕಾರ್ಡರಿನಲ್ಲಿ ಕೇಳಿ ಬೆಳೆದವಳು.

ಆ ಟೇಪ್ ರೆಕಾರ್ಡರಿನ ಒಳಗಿನ ರಬ್ಬರ್ ಬೆಲ್ಟ್ ಸಡಿಲವಾಗಿತ್ತು. ಹಾಡು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ನಮಗೆ ಗೊತ್ತೇ ಆಗಿರಲಿಲ್ಲ. ಒಂದು ದಿನ ಪಕ್ಕದ ಮನೆ ಹಾರ್ಮೋನಿಯಂ ಮೇಷ್ಟ್ರು ಬಂದು ಕೂತು, ಎರಡು ನಿಮಿಷ ಕೇಳಿ, "ಏನಮ್ಮಾ, ನಮ್ಮನೆ ರೆಕಾರ್ಡಿಗಿಂತ ನಿಮ್ಮನೆ ಸಂತೂರ್ ಅರ್ಧ ಮನೆ ಕೆಳಗಿದೆಯಲ್ಲಾ" ಅಂದರು. ಸಂತೂರ್ ಅಂದರೆ ಸಣ್ಣ ಕೋಲುಗಳಿಂದ ತಂತಿ ಬಡಿದು ನುಡಿಸುವ ವಾದ್ಯ. ಅರ್ಧ ಮನೆ ಅಂದರೆ ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವಷ್ಟು ಶ್ರುತಿಯ ಅಂತರ. ಅಪ್ಪನಿಗೆ ಅವಮಾನವಾಯಿತು. ಬೆಲ್ಟ್ ಮಾತ್ರ ಬದಲಾಗಲಿಲ್ಲ.

ಆ ಸಂತೂರ್ ಯಾವುದು ಅಂದರೆ 1967ರ 'ಕಾಲ್ ಆಫ್ ದಿ ವ್ಯಾಲಿ'. ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಮೂವರೂ ಆಗ ಮೂವತ್ತರ ಆಸುಪಾಸಿನವರು. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ, ಅಷ್ಟೇ ಕಥೆ. ಬೆಳಗಿನ ಜಾವಕ್ಕೆ ಅಹಿರ್ ಭೈರವ್, ಆಮೇಲೆ ಹೊತ್ತು ಸರಿದ ಹಾಗೆ ರಾಗ ಬದಲಾಗುತ್ತಾ ಹೋಗಿ ಕೊನೆಗೆ ಪಹಾಡಿ. ಸಂತೂರಿನಲ್ಲಿ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ, ಅದರಲ್ಲಿ ಶಾಸ್ತ್ರೀಯ ಸಂಗೀತ ಆಗುವುದಿಲ್ಲ ಅಂತ ಮೂಗು ಮುರಿಯುತ್ತಿದ್ದ ಕಾಲ ಅದು. ಗಿಟಾರಿನ ಬಗ್ಗೆಯಂತೂ ಕೇಳಲೇಬೇಡಿ. ಕಾಬ್ರಾ ಅದನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸುತ್ತಿದ್ದರು. ಈ ಆಲ್ಬಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದೇ ಗಿಟಾರ್. ಎಲ್ಲರೂ ಕೊಳಲನ್ನು ಹೊಗಳುತ್ತಾರೆ, ಹೊಗಳಲಿ ಬಿಡಿ. ಬಿ ಸೈಡ್, ಅಂದರೆ ಎರಡನೇ ಬದಿ, ಶುರುವಾಗುವುದು ಸಂಜೆ ಹೊತ್ತಿನ ರಾಗ ಭೂಪ್‌ನಿಂದ. ಬೆಳಿಗ್ಗೆ ಕಾಫಿ ಹೊತ್ತಿಗೆ ಅದನ್ನು ಹಾಕಿದರೆ ಅಪ್ಪ "ಇನ್ನೂ ಹಲ್ಲುಜ್ಜಿಲ್ಲ, ಆಗಲೇ ಸಂಜೆ ಮಾಡಿಬಿಟ್ಯಾ?" ಅಂತ ರೇಗುತ್ತಿದ್ದರು.

ಎಷ್ಟೋ ವರ್ಷ ಆದಮೇಲೆ ಸಿಡಿಯಲ್ಲಿ ಕೇಳಿದೆ. ಸರಿಯಾದ ಶ್ರುತಿ, ಸರಿಯಾದ ವೇಗ. ಕುರಿಗಾಹಿಗೆ ಯಾಕೋ ಬಸ್ಸು ಹಿಡಿಯುವ ಅವಸರ ಇದ್ದಂಗಿತ್ತು.

ಹೀಗೆ ತಪ್ಪು ಶ್ರುತಿಯಲ್ಲಿ ಕೇಳುವುದು ನನ್ನೊಬ್ಬಳ ಕರ್ಮ ಅಂದುಕೊಂಡಿದ್ದೆ. ಅಲ್ಲವಂತೆ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಹೆಸರು ಕೇಳಿರಬಹುದು. ಜಾಝ್ ಗೊತ್ತಿಲ್ಲದವರ ಮನೆಯಲ್ಲೂ ಇರುವ ಜಾಝ್ ಆಲ್ಬಮ್ ಅದು. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನದಲ್ಲಿ ರೆಕಾರ್ಡ್ ಮಾಡಿದ್ದು, ಮಾರ್ಚ್‌ನಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನ. ಮಾರ್ಚ್‌ನಲ್ಲಿ ಟೇಪ್ ಯಂತ್ರ ನಿಧಾನಕ್ಕೆ ಓಡಿತ್ತು. ಹಾಗಾಗಿ ಮಾಮೂಲಿ ವೇಗದಲ್ಲಿ ಹಾಕಿದಾಗ ಮೊದಲ ಸೈಡಿನ ಮೂರೂ ತುಣುಕುಗಳ ಶ್ರುತಿ ಸ್ವಲ್ಪ ಏರಿಬಿಟ್ಟಿತ್ತು. ಸರಿಮಾಡಿದ್ದು 1992ರಲ್ಲಿ! ಮೂವತ್ತಮೂರು ವರ್ಷ ಜಗತ್ತೆಲ್ಲ ತಪ್ಪು ಶ್ರುತಿಯಲ್ಲೇ ಕೇಳಿ, ಅದರ ಜೊತೆ ಸ್ಯಾಕ್ಸೋಫೋನ್ ಅಭ್ಯಾಸ ಮಾಡಲು ಹೋದವರು ತಮ್ಮ ವಾದ್ಯವೇ ಸರಿಯಿಲ್ಲ ಅಂದುಕೊಂಡಿರಬೇಕು, ಪಾಪ.

ಇದರಲ್ಲಿ ರಾಗ ಇದೆ, ನಮ್ಮ ಸಂಗೀತದ ಹಾಗೇ ಇದೆ ಅಂತ ಇಲ್ಲಿ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲನೇ ತುಣುಕನ್ನೇ ಕೇಳಿ. ಸ್ವಲ್ಪ ಹೊತ್ತು ಒಂದು ಕಡೆ ಆರಾಮಾಗಿ ಕೂತಿದ್ದು, ಇದ್ದಕ್ಕಿದ್ದಂತೆ ಇಡೀ ಮನೆಯೇ ಅರ್ಧ ಮನೆ ಮೇಲಕ್ಕೆ ಎದ್ದು, ಮತ್ತೆ ಕೆಳಗಿಳಿದು ಕೂರುತ್ತದೆ. ನಮ್ಮಲ್ಲಿ ಷಡ್ಜ, ಅಂದರೆ ತಂಬೂರಿ ಹಿಡಿದಿಡುವ ಆಧಾರದ 'ಸ', ಹಂಗೆಲ್ಲ ಅಲ್ಲಾಡುತ್ತದಾ? ತಂಬೂರಿಯವರು ಎದ್ದು ಹೊರಗೆ ಹೋಗುತ್ತಾರೆ ಅಷ್ಟೇ. ಆ ಅಲ್ಲಾಟವೇ ಚೆಂದ, ಅದಕ್ಕೆ ಸುಮ್ನೆ ನಮ್ಮ ಹೆಸರು ಯಾಕೆ ಅಂಟಿಸಬೇಕು?

ನಿಜವಾಗಿ ಜಾಝ್ ಮತ್ತು ನಮ್ಮ ಸಂಗೀತ ಎರಡೂ ಕೂತು ಮಾತಾಡಿದ್ದು ಕೇಳಬೇಕಾದರೆ 2008ರ 'ಕಿನ್ಸ್‌ಮೆನ್' ಇದೆ. ನಮ್ಮ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ಕೊಲರಾಡೋದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ, ಇಬ್ಬರದೂ ಸ್ಯಾಕ್ಸೋಫೋನ್. ಕದ್ರಿಯವರು ಹುಡುಗರಾಗಿದ್ದಾಗ ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಆ ವಾದ್ಯ ಕೇಳಿ ಮರುಳಾಗಿ, ಅದರಿಂದ ಗಮಕ ಹೊರಡಿಸಲು ವರ್ಷಗಟ್ಟಲೆ ಗುದ್ದಾಡಿದವರು. ಇನ್ನೊಬ್ಬರು ಜಾಝ್ ಕಲಿತು ಈ ಕಡೆ ಬಂದವರು. ಇಬ್ಬರೂ ಒಂದೇ ಸಾಲು ನುಡಿಸುವಾಗ ಯಾರು ಯಾರು ಅಂತ ಮೊದಲು ಗೊತ್ತಾಗುವುದಿಲ್ಲ, ಸ್ವರದಿಂದ ಸ್ವರಕ್ಕೆ ಹೇಗೆ ಹೋಗುತ್ತಾರೆ ಅಂತ ಗಮನಿಸಿದರೆ ತಕ್ಷಣ ಗೊತ್ತಾಗುತ್ತದೆ. ಡ್ರಮ್ಸ್ ಗಲಾಟೆ ಕೆಲವು ಕಡೆ ಜಾಸ್ತಿ. ಮೃದಂಗಕ್ಕೆ ಇನ್ನೂ ಸ್ವಲ್ಪ ಜಾಗ ಬಿಡಬಹುದಿತ್ತು.

ಭಾವಗೀತೆ ಬಿಟ್ಟರೆ ನಮ್ಮಮ್ಮ ಬೈಯುತ್ತಾರೆ. 1978ರ 'ನಿತ್ಯೋತ್ಸವ', ನಿಸಾರ್ ಅಹಮದ್ ಅವರ ಕವನಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅಂತಲೇ ಅದಕ್ಕೆ ಹೆಸರು. ಪ್ರತಿ ನವೆಂಬರಿನಲ್ಲೂ ಸ್ಕೂಲಿನ ಮೈಕಿನಲ್ಲಿ ಹಾಡಿ ಹಾಡಿ ಆ ಒಂದು ಹಾಡನ್ನು ಸವೆಸಿಬಿಟ್ಟಿದ್ದೇವೆ. ಒಮ್ಮೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಿ ನೋಡಿ, ಬೇರೆ ಹಾಡೇ ಅನ್ನಿಸುತ್ತದೆ. ಹೊಸಬರಲ್ಲಿ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ ನನಗಿಷ್ಟ. ಶರೀಫರ ಗುಡುಗುಡಿ ಅದರಲ್ಲಿ ಗಿಟಾರಿನ ಜೊತೆ ಕುಣಿಯುತ್ತದೆ. ಅಮ್ಮನಿಗೆ ಅದು ಸೇರುವುದಿಲ್ಲ. ನಾವಿಬ್ಬರೂ ಈ ವಿಷಯದಲ್ಲಿ ಜಗಳ ನಿಲ್ಲಿಸಿಲ್ಲ.

ಮೊನ್ನೆ ಕಂಪ್ಯೂಟರಿನಲ್ಲಿ ಹಾಡಿನ ವೇಗ ಇಳಿಸುವುದನ್ನು ಕಲಿತೆ. 'ಕಾಲ್ ಆಫ್ ದಿ ವ್ಯಾಲಿ' ಹಾಕಿ, ಅರ್ಧ ಮನೆ ಇಳಿಸಿದೆ. ಮಗಳು ಬಾಗಿಲಲ್ಲಿ ಇಣುಕಿ, "ಅಮ್ಮಾ, ಇವರ್ಯಾಕೆ ನಿದ್ದೆಗಣ್ಣಲ್ಲಿ ನುಡಿಸ್ತಿದಾರೆ?" ಅಂದಳು. ಬಾಗಿಲು ಹಾಕಿಕೊಂಡು ಹೋಗು ಅಂದೆ. ಸಂಜೆಯಾಗಿತ್ತು, ಬಿ ಸೈಡಿನ ಭೂಪ್ ಆಗಷ್ಟೇ ಶುರುವಾಗಿತ್ತು.