ಸಾಣೆ ಹಿಡಿಯೋ ಕಲ್ಲು, ಕಾರು ಓಡಿಸೋ ಚಿಪ್

ಕೇಳುಗರೆಲ್ಲರಿಗೂ ನಮಸ್ಕಾರ.

ರಾಯಚೂರಿನ ನಮ್ಮ ಓಣಿಗೆ ತಿಂಗಳಿಗೊಮ್ಮೆ ಸಾಣೆಯವನು ಬರುತ್ತಾನೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಗಾಲಿಗೆ ಬೆಲ್ಟ್ ಸಿಕ್ಕಿಸಿ, ಕೂತು ಪೆಡಲ್ ತುಳಿದರೆ ಹ್ಯಾಂಡಲ್ ಹತ್ತಿರದ ಕಲ್ಲು ಗರ್ರನೆ ತಿರುಗುತ್ತದೆ. ಚಾಕು ತಾಗಿಸಿದರೆ ಕಿಡಿ. ಹುಡುಗರೆಲ್ಲ ಸುತ್ತ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವನಿಗೆ ಕಿಡಿ ಕಂಡರೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ.

ಅವನ ಹತ್ತಿರ ಎರಡು ಕಲ್ಲುಗಳಿವೆ. ಒಂದು ಬೂದು ಬಣ್ಣದ್ದು, ಇನ್ನೊಂದು ಕಡುಹಸಿರು. ಆ ಹಸಿರು ಕಲ್ಲಿನ ಹುಡಿಯ ಹೆಸರು ಸಿಲಿಕಾನ್ ಕಾರ್ಬೈಡ್. ಗ್ಯಾರೇಜಿನಲ್ಲಿ ಕಾರಿನ ಬಣ್ಣ ಉಜ್ಜುವ ಕರಿ ವಾಟರ್ ಪೇಪರಿನ ಮೇಲೂ ಅದೇ ಹುಡಿ. ಇದೇ ವಸ್ತು ಈಗ ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಲ್ಲಿ ಚಿಪ್ ಆಗಿ ಕೂತಿದೆ. ಅದನ್ನು ಅಲ್ಲಿಗೆ ಮುಟ್ಟಿಸಲು ಮೂವತ್ತು ನಲವತ್ತು ವರ್ಷ ಒದ್ದಾಡಿದ ಒಂದು ಕಂಪನಿಯ ಕಥೆಯನ್ನೂ ಇವತ್ತು ಹೇಳಬೇಕು. ಆದರೆ ಮೊದಲು ಕಲ್ಲಿನ ಕಥೆ.

1891ರಲ್ಲಿ ಅಮೆರಿಕದ ಎಡ್ವರ್ಡ್ ಅಚಿಸನ್ ಎಂಬಾತ ವಜ್ರ ಮಾಡಲು ಹೊರಟ. ಕಬ್ಬಿಣದ ಬಟ್ಟಲಲ್ಲಿ ಜೇಡಿಮಣ್ಣು, ಕಲ್ಲಿದ್ದಲಿನಿಂದ ಮಾಡಿದ ಕೋಕ್ ಪುಡಿ ಕಲಸಿ, ಅದರೊಳಗೆ ಜೋರಾಗಿ ಕರೆಂಟ್ ಹರಿಸಿದ. ವಜ್ರ ಬರಲಿಲ್ಲ, ಹೊಳೆಯುವ ಪುಟ್ಟ ಹರಳುಗಳು ಬಂದವು. ಅವು ಗಾಜನ್ನು ಕೊರೆದವು. ಕಾರ್ಬನ್ನೂ ಕೊರಂಡಮ್ ಎಂಬ ಗಟ್ಟಿ ಖನಿಜವೂ ಸೇರಿ ಆಗಿರಬೇಕು ಅಂದುಕೊಂಡು ಕಾರ್ಬೊರಂಡಮ್ ಎಂದು ಹೆಸರಿಟ್ಟ. ಊಹೆ ತಪ್ಪು, ಅದು ನಮ್ಮ ಸಿಲಿಕಾನ್ ಕಾರ್ಬೈಡೇ. ಹೆಸರು ಮಾತ್ರ ಉಳಿಯಿತು. ಅಂದಹಾಗೆ ಕೊರಂಡಮ್ ಎಂಬ ಮಾತೇ ನಮ್ಮ ಕಡೆಯದು. ತಮಿಳಿನ ಕುರುಂದಂ ಇಂಗ್ಲಿಷರ ಬಾಯಲ್ಲಿ ಹಾಗಾಯಿತು.

ಬಾನುಲಿಯಲ್ಲಿ ಕೂತು ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ರೇಡಿಯೊ ಇನ್ನೂ ಕೂಸಾಗಿದ್ದಾಗ, 1906ರ ಸುಮಾರಿಗೆ, ಗಾಳಿಯಲ್ಲಿ ಬಂದ ಅಲೆಯಿಂದ ದನಿ ಹೆಕ್ಕಲು ಬಳಸಿದ ಹರಳುಗಳಲ್ಲಿ ಈ ಕಾರ್ಬೊರಂಡಮ್ಮೂ ಒಂದು. ಮರುವರ್ಷ ಇಂಗ್ಲೆಂಡಿನ ಹೆನ್ರಿ ರೌಂಡ್ ಅದೇ ಹರಳಿಗೆ ಕರೆಂಟ್ ಕೊಟ್ಟು ನೋಡುತ್ತಿದ್ದಾಗ ಅದು ಮಿಣುಕಿತು. ಒಂದು ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿದ, ಅಷ್ಟೇ. ಎಲ್‌ಇಡಿ ದೀಪವನ್ನು ಜಗತ್ತು ಮೊದಲು ಕಂಡದ್ದು ಹೀಗೆ, ಸಾಣೆಕಲ್ಲಿನ ಚೂರಿನಲ್ಲಿ.

ಈಗ ಸ್ವಲ್ಪ ಪಾಠ. ಬೇಸರ ಬೇಡ, ಆಡಿನ ಲೆಕ್ಕದಲ್ಲೇ ಹೇಳುತ್ತೇನೆ. ದೊಡ್ಡಿಯಲ್ಲಿ ಆಡುಗಳಿವೆ, ಸುತ್ತ ಬೇಲಿ ಇದೆ. ಆಡು ಅಂದರೆ ಎಲೆಕ್ಟ್ರಾನು. ಬೇಲಿ ದಾಟಿ ಬಯಲಿಗೆ ಬಂದರೆ ಕರೆಂಟ್ ಹರಿಯುತ್ತದೆ. ಆ ಬೇಲಿಯ ಎತ್ತರಕ್ಕೆ ಬ್ಯಾಂಡ್ ಗ್ಯಾಪ್ ಎನ್ನುತ್ತಾರೆ. ಕಾವು ಏರಿದಷ್ಟೂ ಆಡುಗಳಿಗೆ ಹುರುಪು ಜಾಸ್ತಿ ಅಂದುಕೊಳ್ಳಿ. (ನಿಜವಾದ ಆಡು ನಮ್ಮ ಮೇ ತಿಂಗಳಲ್ಲಿ ನೆರಳು ಹುಡುಕುತ್ತದೆ, ಅದು ಬೇರೆ ಮಾತು.) ಬೇಲಿ ಗಿಡ್ಡವಾಗಿದ್ದರೆ ಕುರುಬ ಬಿಡದಿದ್ದರೂ ಹಾರಿಬಿಡುತ್ತವೆ. ಆಮೇಲೆ ಆ ಚಿಪ್ ಹೇಳಿದ ಮಾತು ಕೇಳುವುದಿಲ್ಲ.

ಈ ಬೇಲಿ ಅಳೆಯುವ ಮಾನ ಎಲೆಕ್ಟ್ರಾನ್ ವೋಲ್ಟ್. ಜರ್ಮೇನಿಯಮ್ಮಿನ ಬೇಲಿ 0.67. ನಮ್ಮ ತಂದೆಯ ಹಳೇ ಟ್ರಾನ್ಸಿಸ್ಟರ್ ಇಂಥದ್ದೇ ಇತ್ತು. ಕಿಟಕಿಯ ಬಿಸಿಲು ಬಿದ್ದರೆ ದನಿ ಒಡೆಯುತ್ತಿತ್ತು. ಅವರು ಅದನ್ನು ನೆರಳಿಗೆ ಸರಿಸುತ್ತಿದ್ದರು, ಕಾರಣ ಗೊತ್ತಿರಲಿಲ್ಲ. ಸಿಲಿಕಾನಿನದು 1.1. ಮೊಬೈಲಿಗೆ, ಕಂಪ್ಯೂಟರಿಗೆ ಸಾಕು. ಸಿಲಿಕಾನ್ ಕಾರ್ಬೈಡಿನದು ಸುಮಾರು 3.3, ಗ್ಯಾಲಿಯಂ ನೈಟ್ರೈಡಿನದು 3.4. ಇವೆರಡನ್ನೂ ಅಗಲ ಬ್ಯಾಂಡ್ ಗ್ಯಾಪಿನ ವಸ್ತುಗಳು ಎನ್ನುತ್ತಾರೆ. ನಾನಾಗಿದ್ದರೆ ಎತ್ತರದ ಬೇಲಿ ಎಂದೇ ಕರೆಯುತ್ತಿದ್ದೆ.

ಕಾವು ತಡೆಯುವುದು ಒಂದು ಗುಣ. ಇನ್ನೊಂದು ಗುಣ ಅದಕ್ಕಿಂತ ದೊಡ್ಡದು, ಅದನ್ನು ತುಂಗಭದ್ರೆಯ ಗೇಟಿನ ಲೆಕ್ಕದಲ್ಲಿ ಹೇಳಬೇಕು. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಎಡದಂಡೆಯವರಿಗೆಲ್ಲ ರಾತ್ರಿ ನಿದ್ದೆ ಹೋಗಿತ್ತು, ಅಲ್ವಾ? ನೀರಿನ ಒತ್ತಡ ಏನೆಂದು ನಿಮಗೆ ಹೇಳಬೇಕಿಲ್ಲ. ಒತ್ತಡ ತಡೆಯಲು ಗೇಟು ದಪ್ಪ ಇರಬೇಕು. ದಪ್ಪ ಆದರೆ ಭಾರ, ಎತ್ತಲು ನಿಧಾನ. ಕರೆಂಟಿನ ಗೇಟಿಗೂ ಇದೇ ಕಷ್ಟ. ಸಿಲಿಕಾನಿನಲ್ಲಿ ಸಾವಿರ ವೋಲ್ಟ್ ತಡೆಯಬೇಕಾದರೆ ಪದರ ದಪ್ಪ ಮಾಡಬೇಕು. ಕರೆಂಟ್ ಹರಿಯುವಾಗ ಆ ದಪ್ಪವೇ ಅಡ್ಡಬಂದು ಬಿಸಿಯಾಗುತ್ತದೆ. ಸಿಲಿಕಾನ್ ಕಾರ್ಬೈಡ್ ಸಿಲಿಕಾನಿಗಿಂತ ಸುಮಾರು ಹತ್ತು ಪಟ್ಟು ಒತ್ತಡ ತಾಳುತ್ತದೆ. ಹಾಗಾಗಿ ಪದರ ಹತ್ತರಲ್ಲಿ ಒಂದು ಪಾಲು ಇದ್ದರೂ ನಡೆಯುತ್ತದೆ. ಹುಟ್ಟಿದ ಬಿಸಿಯನ್ನು ಹೊರಗೆ ದಾಟಿಸುವುದೂ ಮೂರು ಪಟ್ಟು ಚುರುಕು.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯಲ್ಲಿರುವುದು ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್, ಮೋಟರಿಗೆ ಬೇಕಾದದ್ದು ದಿಕ್ಕು ಬದಲಿಸುತ್ತಲೇ ಇರುವ ಎಸಿ. ನಡುವೆ ಕೂತ ಇನ್ವರ್ಟರ್ ಸೆಕೆಂಡಿಗೆ ಸಾವಿರಾರು ಸಲ ಗೇಟು ತೆಗೆದು ಮುಚ್ಚುತ್ತದೆ. ಪ್ರತಿ ಸಲವೂ ಚೂರು ಚೂರು ವಿದ್ಯುತ್ ಬಿಸಿಯಾಗಿ ಸೋರುತ್ತದೆ. ಆ ಸೋರಿಕೆ ಕಡಿಮೆಯಾದರೆ ಅದೇ ಬ್ಯಾಟರಿಯಲ್ಲಿ ಕಾರು ಇನ್ನಷ್ಟು ದೂರ ಹೋಗುತ್ತದೆ. ಸೋಲಾರಿನ ಇನ್ವರ್ಟರಿಗೂ ಇದೇ ಲೆಕ್ಕ. ಬಿಸಿಲೂರಿನವರು ನಾವು, ಇದನ್ನು ಬಿಡಿಸಿ ಹೇಳಬೇಕೇ?

ಇಷ್ಟೆಲ್ಲ ಗುಣ ಇದ್ದ ಕಲ್ಲು ನೂರು ವರ್ಷ ಹೆಚ್ಚಾಗಿ ಸಾಣೆಗೇ ಏಕೆ ಉಳಿಯಿತು? ಹರಳು ಬೆಳೆಸುವುದು ಅಷ್ಟು ಕಷ್ಟ. ಸಿಲಿಕಾನ್ 1,414 ಡಿಗ್ರಿಗೆ ಕರಗುತ್ತದೆ. ಕರಗಿದ ಪಾಕಕ್ಕೆ ಬೀಜದ ಹರಳು ಮುಟ್ಟಿಸಿ ಮೆಲ್ಲಗೆ ಎಳೆದರೆ ಆಳುದ್ದದ ಕಂಬವೇ ಬರುತ್ತದೆ. ಸಿಲಿಕಾನ್ ಕಾರ್ಬೈಡ್ ಹಾಗೆ ಕರಗುವುದಿಲ್ಲ. ಅದು ಕರ್ಪೂರದ ಜಾತಿ, ಕಾಯಿಸಿದರೆ ನೀರಾಗದೆ ನೇರ ಆವಿಯಾಗುತ್ತದೆ. ಆದರೆ ಈ ಕರ್ಪೂರಕ್ಕೆ 2,000 ಡಿಗ್ರಿ ದಾಟಿದ ಬೆಂಕಿ ಬೇಕು. ಗ್ರಾಫೈಟಿನ ಪಾತ್ರೆಯಲ್ಲಿ ಪುಡಿ ಕಾಯಿಸಿ, ಮೇಲಿನ ಮುಚ್ಚಳಕ್ಕೆ ಅಂಟಿಸಿದ ಬೀಜದ ಹರಳಿನ ಮೇಲೆ ಆವಿ ಕೂರುವಂತೆ ಮಾಡುತ್ತಾರೆ. ಒಳಗೆ ಏನಾಗುತ್ತಿದೆ ಎಂದು ಇಣುಕುವ ಹಾಗಿಲ್ಲ. ವಾರಗಟ್ಟಲೆ ಕಾದರೆ ಕೆಲವೇ ಸೆಂಟಿಮೀಟರ್ ಹರಳು. ಅದನ್ನೂ ಬಿಲ್ಲೆ ಬಿಲ್ಲೆಯಾಗಿ ಸೀಳಬೇಕು. ಸಾಣೆಕಲ್ಲನ್ನೇ ಕೊಯ್ಯುವುದು ಹೇಗೆ? ವಜ್ರದ ಹುಡಿ ಅಂಟಿಸಿದ ತಂತಿಯಿಂದ.

ಈ ಕೆಲಸಕ್ಕೆ ಕೈಹಾಕಿದ್ದು ಕ್ರೀ ಎಂಬ ಕಂಪನಿ. ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದಿದ ಕೆಲವು ಹುಡುಗರು 1987ರಲ್ಲಿ ಕಟ್ಟಿದ್ದು. 1989ರಲ್ಲಿ ಈ ಹರಳಿನಿಂದ ನೀಲಿ ಎಲ್‌ಇಡಿ ಮಾಡಿ ಮಾರಿದರು. ಬೆಳಕು ಮಂಕಾಗಿತ್ತು, ಆದರೂ ಆಗ ನೀಲಿ ಸಿಗುವುದೇ ಅಪರೂಪ. ದೀಪದ ದುಡ್ಡಿನಲ್ಲಿ ಹರಳು ಬೆಳೆಸುತ್ತಾ ಹೋದರು. ದೊಡ್ಡ ವೋಲ್ಟೇಜಿನ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್, ಅಂದರೆ ಕರೆಂಟಿನ ಗೇಟಿನ ಚಿಪ್, ಪೇಟೆಗೆ ಬಿಡಲು 2011 ಆಗಬೇಕಾಯಿತು. ಆಮೇಲೆ ಟೆಸ್ಲಾ ತನ್ನ ಮಾಡೆಲ್ 3 ಕಾರಿನಲ್ಲಿ ಎಸ್‌ಟಿ ಕಂಪನಿಯ ಇಂಥ ಚಿಪ್ ಹಾಕಿತು, ಎಲ್ಲರ ಕಣ್ಣೂ ಈ ಕಡೆ ತಿರುಗಿತು. ಎಸ್‌ಟಿಗೆ ಹರಳಿನ ಬಿಲ್ಲೆ ಕೊಡುವ ಕರಾರನ್ನು ಕ್ರೀ 2019ರಲ್ಲಿ ಮಾಡಿಕೊಂಡಿತು. 2021ರಲ್ಲಿ ದೀಪದ ವ್ಯಾಪಾರವನ್ನೇ ಮಾರಿ, ಹೆಸರನ್ನು ವುಲ್ಫ್‌ಸ್ಪೀಡ್ ಎಂದು ಬದಲಿಸಿತು. 2022ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ 200 ಮಿಲಿಮೀಟರ್ ಬಿಲ್ಲೆಯ ದೊಡ್ಡ ಕಾರ್ಖಾನೆ ತೆರೆಯಿತು.

ದೊಡ್ಡ ಸಾಲವೂ ಬೆನ್ನಿಗಿತ್ತು. ಕಾರುಗಳು ಎಣಿಸಿದಷ್ಟು ಬೇಗ ಮಾರಾಟವಾಗಲಿಲ್ಲ. ಚೀನಾದವರು ಇದೇ ಬಿಲ್ಲೆಯನ್ನು ಅಗ್ಗಕ್ಕೆ ಕೊಡತೊಡಗಿದರು. 2025ರ ಜೂನ್ 30ಕ್ಕೆ ವುಲ್ಫ್‌ಸ್ಪೀಡ್ ಸಾಲ ತೀರಿಸಲಾಗದೆ ದಿವಾಳಿ ಕಾನೂನಿನ ನೆರಳಿಗೆ ಹೋಯಿತು. ಸಾಲ ಕೊಟ್ಟವರಿಗೇ ಹೆಚ್ಚಿನ ಪಾಲು ಬಿಟ್ಟುಕೊಟ್ಟು, ಸೆಪ್ಟೆಂಬರಿನಲ್ಲಿ ಹೊರಗೆ ಬಂತು. ಮಳೆ ನಂಬಿ ಹೊಲಕ್ಕೆ ಸಾಲ ಹಾಕಿದವರಿಗೆ ಈ ಕಥೆ ಹೊಸದೇನಲ್ಲ. ನನ್ನ ಕಣ್ಣಿಗೆ ಅವರು ಹರಳು ಬೆಳೆಸುವುದರಲ್ಲಿ ಸೋಲಲಿಲ್ಲ, ಬೆಳೆಗೆ ಮೊದಲೇ ಕಣಜ ಕಟ್ಟಿದರು.

ಗ್ಯಾಲಿಯಂ ನೈಟ್ರೈಡಿನ ಮಾತು ಬಿಟ್ಟೇ ಹೋಗುತ್ತಿತ್ತು. ಅದು ಈಗಾಗಲೇ ನಿಮ್ಮ ಮನೆಯಲ್ಲಿದೆ. ಬಿಳಿ ಎಲ್‌ಇಡಿ ಬಲ್ಬಿನ ಒಳಗಿನ ನೀಲಿ ಬೆಳಕು ಅದರ ಬಳಗದ್ದು. ಅದಕ್ಕಾಗಿ ಜಪಾನಿನಲ್ಲಿ ದುಡಿದ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರ ನೊಬೆಲ್ ಬಂತು. ಕ್ರೀಯ ಮಂಕು ನೀಲಿಯನ್ನು ಮೂಲೆಗೆ ಸರಿಸಿದ್ದೂ ಇದೇ ಬೆಳಕು. ಅಂಗೈಯಗಲದ ಎಷ್ಟೋ ವೇಗದ ಮೊಬೈಲ್ ಚಾರ್ಜರುಗಳಲ್ಲೂ ಈ ವಸ್ತು ಇರುತ್ತದೆ. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಇದರ ಕೆಲಸ ನಡೆದಿದೆ. ಸಿಲಿಕಾನ್ ಕಾರ್ಬೈಡಿನ ಕಾರ್ಖಾನೆಯೊಂದನ್ನು ಭುವನೇಶ್ವರದಲ್ಲಿ ಕಟ್ಟಲು ಕೇಂದ್ರ ಸಂಪುಟ 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು.

ಗಂಗಾವತಿ, ಸಿಂಧನೂರಿನ ಕೇಳುಗರಿಗೆ ಒಂದು ವಿಷಯ. ಭತ್ತದ ಹೊಟ್ಟಿನಲ್ಲಿ ಮರಳಿನ ಅಂಶವಾದ ಸಿಲಿಕಾ ಇದೆ, ಕಾರ್ಬನ್ನೂ ಇದೆ. ಗಾಳಿಯಿಲ್ಲದೆ ಚೆನ್ನಾಗಿ ಕಾಯಿಸಿದರೆ ಎರಡೂ ಕೂಡಿ ಸಿಲಿಕಾನ್ ಕಾರ್ಬೈಡ್ ಆಗುತ್ತದೆ. 1970ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಚಿಪ್ಪಿಗೆ ಬೇಕಾದಷ್ಟು ಶುದ್ಧ ಇರುವುದಿಲ್ಲ, ಉಜ್ಜುವ ಕೆಲಸಕ್ಕೆ ಅಡ್ಡಿಯಿಲ್ಲ. ಸದ್ಯಕ್ಕೆ ನಮ್ಮ ಮಿಲ್ಲುಗಳ ಹೊಟ್ಟು ಬಾಯ್ಲರಿಗೆ ಹೋಗುತ್ತಿದೆ.

ಹೋದ ತಿಂಗಳು ಸಾಣೆಯವನಿಗೆ ಇದನ್ನೆಲ್ಲ ಹೇಳಿದೆ. ನಿನ್ನ ಹಸಿರು ಕಲ್ಲಿನ ಜಾತಿಯದ್ದೇ ದೊಡ್ಡ ದೊಡ್ಡ ಕಾರು ಓಡಿಸುತ್ತದಪ್ಪ ಅಂದೆ. ಅವನು ಪೆಡಲ್ ನಿಲ್ಲಿಸದೆ ಕೇಳಿಸಿಕೊಂಡ. ಚಾಕುವಿನ ಅಲಗನ್ನು ಉಗುರಿನ ಮೇಲೆ ಇಟ್ಟು ನೋಡಿ, "ಅದು ಕಾರ್ ಓಡಿಸ್ತದ, ಇದನ್ನ ನಾನೇ ತುಳೀಬೇಕಲ್ರೀ ಸರ" ಅಂದ. ಎರಡು ಚಾಕುವಿಗೆ ನಲವತ್ತು ರೂಪಾಯಿ ಕೊಟ್ಟು ಒಳಗೆ ಬಂದೆ.

ನಮಸ್ಕಾರ.