ಚೆಂಡು ಮುಟ್ಟದ ಡ್ಯೂಕ್ ಸ್ಲೇಟರ್

ಕೇಳುಗರಿಗೆ ನಮಸ್ಕಾರ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟವನ್ನು. ನೋಡುವವರ ಕಣ್ಣೆಲ್ಲ ಆ ಓಡುವವನ ಮೇಲೆಯೇ. ದಯವಿಟ್ಟು ಅವನನ್ನು ಬಿಡಿ. ಅವನ ಮುಂದೆ ನಿಂತು, ಎದುರಾಳಿಗಳನ್ನು ಮೈಯಿಂದಲೇ ತಳ್ಳಿ ದಾರಿ ಮಾಡಿಕೊಡುವವನನ್ನು ನೋಡಿ. ಅವನು ಲೈನ್‌ಮನ್. ಅವನ ಹೆಸರಿನ ಮುಂದೆ ಅಂಕ ಬರೆಯುವುದಿಲ್ಲ. ಆದರೆ ಅವನು ದಾರಿ ಬಿಡಿಸದಿದ್ದರೆ ಯಾರ ಹೆಸರಿನ ಮುಂದೆಯೂ ಅಂಕ ಬೀಳುವುದಿಲ್ಲ.

ಇಂಥವರಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಫ್ರೆಡ್ ಸ್ಲೇಟರ್. ಎಲ್ಲರೂ ಕರೆದದ್ದು ಡ್ಯೂಕ್ ಎಂದು. ಹುಟ್ಟಿದ್ದು 1898ರಲ್ಲಿ, ಇಲಿನಾಯ್ ರಾಜ್ಯದಲ್ಲಿ. ಕಪ್ಪು ಜನಾಂಗದ ಕುಟುಂಬ. ತಂದೆ ಮೆಥಡಿಸ್ಟ್ ಪಾದ್ರಿ. ಅಯೋವಾದ ಕ್ಲಿಂಟನ್ ಊರಿನಲ್ಲಿ ಓದುವಾಗ ಹುಡುಗನಿಗೆ ಈ ಆಟದ ಹುಚ್ಚು ಹಿಡಿಯಿತು. ಮೈಕೈ ಮುರಿದುಕೊಳ್ಳುವ ಆಟ ಬೇಡವೆಂದು ತಂದೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹುಡುಗ ಊಟ ಬಿಟ್ಟು ಕುಳಿತ. ಕೊನೆಗೆ ತಂದೆಯೇ ಸೋತರು. ಪೆಟ್ಟು ಮಾಡಿಕೊಳ್ಳಬಾರದೆಂದು ಹೇಳಿ ಒಪ್ಪಿಗೆ ಕೊಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಶೂ, ಹೆಲ್ಮೆಟ್ ಎರಡನ್ನೂ ಆಟಗಾರರೇ ಕೊಳ್ಳಬೇಕಿತ್ತು. ಪಾದ್ರಿಯ ಸಂಬಳದಲ್ಲಿ ಎರಡಕ್ಕೂ ದುಡ್ಡಿಲ್ಲ, ಒಂದನ್ನು ಆರಿಸಿಕೋ ಎಂದರು ತಂದೆ. ಹುಡುಗನ ಪಾದ ವಿಪರೀತ ದೊಡ್ಡದು, ಬೇರೆಯವರ ಶೂ ಹಿಡಿಸುವಂತಿರಲಿಲ್ಲ. ಅವನು ಶೂ ಆರಿಸಿಕೊಂಡ. ತಲೆ ಬರಿದಾಗಿಯೇ ಉಳಿಯಿತು.

ಯೋಚಿಸಿ ನೋಡಿ, ತಲೆಗೆ ತಲೆ ಡಿಕ್ಕಿ ಹೊಡೆಯುವ ಸಾಲಿನಲ್ಲಿ ಬರಿತಲೆಯ ಆಟಗಾರ! ಅಯೋವಾ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. 1921ರ ಅಕ್ಟೋಬರ್ 8ರಂದು ಎದುರಿಗಿದ್ದದ್ದು ಸತತ 20 ಪಂದ್ಯ ಗೆದ್ದು ಬಂದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ತಂಡ. ಅಯೋವಾ 10–7ರಿಂದ ಗೆದ್ದಿತು. ಆ ದಿನದ ಒಂದು ಚಿತ್ರವಿದೆ: ಬರಿತಲೆಯ ಸ್ಲೇಟರ್ ಒಬ್ಬರೇ ಹಲವು ಎದುರಾಳಿಗಳನ್ನು ಒತ್ತಿ ಹಿಡಿದಿದ್ದಾರೆ, ಹಿಂದಿನಿಂದ ಚೆಂಡು ಹಿಡಿದ ಗೋರ್ಡನ್ ಲಾಕ್ ನುಗ್ಗುತ್ತಿದ್ದಾರೆ. ನಾನು ಹೇಳುತ್ತಿರುವುದೆಲ್ಲ ಆ ಒಂದೇ ಚಿತ್ರದಲ್ಲಿದೆ. ಅಂಕ ಲಾಕ್ ಅವರದು. ದಾರಿ ಸ್ಲೇಟರ್ ಅವರದು.

1922ರಲ್ಲಿ ಅವರು ವೃತ್ತಿಪರ ಲೀಗಿಗೆ, ಅಂದರೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಎನ್‌ಎಫ್‌ಎಲ್‌ಗೆ ಬಂದರು. ಎನ್‌ಎಫ್‌ಎಲ್‌ನ ಮೊದಲ ಕಪ್ಪು ಲೈನ್‌ಮನ್. ರಾಕ್ ಐಲ್ಯಾಂಡ್ ತಂಡ, ಆಮೇಲೆ ಷಿಕಾಗೊ ಕಾರ್ಡಿನಲ್ಸ್ ತಂಡ, ಹೀಗೆ ಹತ್ತು ಋತು ಆಡಿದರು. ಗಾಯದ ಕಾರಣಕ್ಕೆ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. 1924ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಮಾತ್ರ ಹೊರಗಿರಬೇಕಾಯಿತು, ಮೈಬಣ್ಣದ ಕಾರಣಕ್ಕೆ. ಅವರಿಲ್ಲದ ರಾಕ್ ಐಲ್ಯಾಂಡ್ ತಂಡ ಅಂದು ಸೋತಿತು. ದಾರಿ ಬಿಡಿಸುವವನನ್ನು ಕೂರಿಸಿದರೆ ಇನ್ನೇನಾಗುತ್ತದೆ?

1929ರ ನವೆಂಬರ್ 28ರಂದು ಕಾರ್ಡಿನಲ್ಸ್ ತಂಡ ಷಿಕಾಗೊ ಬೇರ್ಸ್ ವಿರುದ್ಧ 40–6ರಿಂದ ಗೆದ್ದಾಗ ಆ 40 ಅಂಕಗಳನ್ನೂ ಎರ್ನಿ ನೆವರ್ಸ್ ಒಬ್ಬರೇ ಗಳಿಸಿದರು. ದಾಖಲೆ ಇಂದಿಗೂ ಮುರಿದಿಲ್ಲ. ನೆವರ್ಸ್ ಹೆಸರು ಎಲ್ಲರಿಗೂ ಗೊತ್ತು. ನೆವರ್ಸ್‌ಗಾಗಿ ಬೇರ್ಸ್ ಸಾಲನ್ನು ಸೀಳಿದವರು ಯಾರೆಂದು ಕೇಳುವವರು ಎಷ್ಟು ಜನ? ಸ್ಲೇಟರ್, ಕೇಳುಗರೇ, ಸ್ಲೇಟರ್.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಆಡುತ್ತಲೇ ಕಾನೂನು ಓದಿ 1928ರಲ್ಲಿ ಪದವಿ ಪಡೆದರು. 1948ರಲ್ಲಿ ಷಿಕಾಗೊದಲ್ಲಿ ನ್ಯಾಯಾಧೀಶರಾಗಿ ಚುನಾಯಿತರಾದರು. 1966ರಲ್ಲಿ ತೀರಿಕೊಂಡರು. ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್, ಅಂದರೆ ಶ್ರೇಷ್ಠ ಆಟಗಾರರ ಗೌರವ ಪಟ್ಟಿ, ಅವರನ್ನು 1951ರಲ್ಲೇ ಗೌರವಿಸಿತ್ತು. ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವರನ್ನು ಆರಿಸಿದ್ದು 2020ರಲ್ಲಿ. ಅಷ್ಟು ವರ್ಷ ಕಾಯಿಸಿದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. 2021ರಿಂದ ಅಯೋವಾದ ಕಿನ್ನಿಕ್ ಕ್ರೀಡಾಂಗಣದ ಮೈದಾನಕ್ಕೆ ಡ್ಯೂಕ್ ಸ್ಲೇಟರ್ ಮೈದಾನವೆಂದೇ ಹೆಸರು.